ಪಕ್ಕದ ಮನೆ ಪಾಳು ಬಿದ್ದಿದೆ: ದೂರು ಕೊಟ್ಟರೆ ಸಿಟಿಯವರು ನಿಜಕ್ಕೂ ಏನು ಮಾಡಬಹುದು?

ಮೂಲೆಮನೆ

ಎಲ್ಲರಿಗೂ ನಮಸ್ಕಾರ. ನಾನಿರುವುದು ಅಮೆರಿಕದ ಒಂದು ಹಳೇ ಕಾರ್ಖಾನೆ ಊರಿನಲ್ಲಿ. ಪಕ್ಕದ ಮನೆ ಖಾಲಿ ಬಿದ್ದು ವರ್ಷಗಳೇ ಆದವು. ಸೂರಿನಂಚಿನ ಮಳೆನೀರಿನ ದೋಣಿ ಕಳಚಿ ನೇತಾಡುತ್ತಿದೆ. ಹಿಂದಿನ ಕಿಟಕಿಗೆ ಗಾಜಿಲ್ಲ. ಹುಲ್ಲು ಸೊಂಟದ ತನಕ ಬೆಳೆದಿದೆ. ರಾತ್ರಿ ಒಳಗೆ ಯಾರೋ ಓಡಾಡುವ ಸದ್ದು ಬರುತ್ತದೆ.

ಸಿಟಿಗೆ ದೂರು ಕೊಟ್ಟೆ. ಒಬ್ಬರು ಬಂದು ಫೋಟೋ ತೆಗೆದು, ಬಾಗಿಲಿಗೆ ಒಂದು ನೋಟಿಸ್ ಅಂಟಿಸಿ ಹೋದರು. ಈಗ ನೋಟಿಸಿನ ಅಕ್ಷರ ಮಾಸಿದೆ, ಮನೆ ಮಾತ್ರ ಹಾಗೇ ಇದೆ. ಇವರ ಕೈಯಲ್ಲಿ ಆಗುವುದು ಇಷ್ಟೇನಾ? ದಿನಕ್ಕಿಷ್ಟು ಅಂತ ದಂಡ ಹಾಕಿದರೆ ಮಾಲೀಕ ಓಡಿ ಬರುವುದಿಲ್ವಾ? ಗೊತ್ತಿರುವವರು ಹೇಳಿ.

ನೇರಮಾತು

ಹಾಕಬೇಕು ಸರ್. ದಿನಕ್ಕೆ 500 ಡಾಲರ್ ಹಾಕಿ, ಆಗ ನೋಡಿ. ಜೇಬಿಗೆ ಕೈ ಹಾಕಿದರೆ ತಾನೇ ಎಚ್ಚರ ಆಗುವುದು.

ಹಳೇಇನ್ಸ್‌ಪೆಕ್ಟರ್

ಮೂಲೆಮನೆ ಅವರೇ, ನಾನು ಒಂದು ಸಿಟಿಯ ಕೋಡ್ ವಿಭಾಗದಲ್ಲೇ, ಅಂದರೆ ಮನೆ-ಕಟ್ಟಡ ನಿರ್ವಹಣೆಯ ನಿಯಮ ಜಾರಿ ಮಾಡುವ ಕಡೆ, ಕೆಲಸ ಮಾಡಿ ನಿವೃತ್ತನಾದವನು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಅಮೆರಿಕದ ಬಹಳಷ್ಟು ಊರುಗಳು 'ಇಂಟರ್‌ನ್ಯಾಷನಲ್ ಪ್ರಾಪರ್ಟಿ ಮೇಂಟೆನೆನ್ಸ್ ಕೋಡ್' ಅನ್ನುವ ಮಾದರಿ ನಿಯಮವನ್ನು ತಮ್ಮದಾಗಿ ಮಾಡಿಕೊಂಡಿವೆ. ಹೆಸರಿಗೆ ಅಂತರರಾಷ್ಟ್ರೀಯ, ಜಾರಿ ಮಾತ್ರ ಪೂರ್ತಿ ಸ್ಥಳೀಯ. ಅದರಲ್ಲಿ ಕಳೆಯ ಬಗ್ಗೆ ಒಂದು ಸಾಲಿದೆ. ಇಷ್ಟು ಇಂಚಿಗಿಂತ ಎತ್ತರ ಬೆಳೆಯಬಾರದು ಅಂತ ಬರೆದು, ಅಂಕಿಯ ಜಾಗ ಖಾಲಿ ಬಿಟ್ಟಿದ್ದಾರೆ. ಆಯಾ ಊರು ತುಂಬಿಕೊಳ್ಳಬೇಕು. ಹಾಗಾಗಿ ಒಂದೂರಿನಲ್ಲಿ ತಪ್ಪಾದ ಹುಲ್ಲು ಪಕ್ಕದೂರಿನಲ್ಲಿ ಸರಿ ಇರಬಹುದು.

ಕೆಲಸ ನಡೆಯುವ ರೀತಿ ಹೀಗೆ. ದೂರು ಬರುತ್ತದೆ. ಇನ್ಸ್‌ಪೆಕ್ಟರ್ ಬಂದು ನೋಡುತ್ತಾರೆ. ಮಾಲೀಕರಿಗೆ ನೋಟಿಸ್ ಹೋಗುತ್ತದೆ, ಸರಿಪಡಿಸಲು ಗಡುವು ಇರುತ್ತದೆ. ಗಡುವು ಮುಗಿದ ಮೇಲೆ ಮತ್ತೆ ಬಂದು ನೋಡುತ್ತಾರೆ. ಆಗಿಲ್ಲದಿದ್ದರೆ ದಂಡ, ಇಲ್ಲವೇ ವಿಚಾರಣೆ. ಕೆಲವು ಸಲ ಸಿಟಿಯೇ ಆಳು ಕಳಿಸಿ ಹುಲ್ಲು ಕತ್ತರಿಸಿ, ಕಿಟಕಿಗೆ ಹಲಗೆ ಹೊಡೆಸಿ, ಖರ್ಚನ್ನು ಆ ಆಸ್ತಿಯ ಮೇಲೆ ಬಾಕಿಯಾಗಿ ಬರೆಯುತ್ತದೆ. ಮುಂದೆ ಆಸ್ತಿ ಮಾರುವಾಗ ಆ ಬಾಕಿ ತೀರಿಸದೆ ಬಿಡುಗಡೆ ಇಲ್ಲ.

ಕಾಗದದ ಮೇಲೆ ಎಲ್ಲ ಚೆನ್ನಾಗಿದೆ. ಎಡವುವುದು ನೋಟಿಸಿನ ಹೆಜ್ಜೆಯಲ್ಲಿ. ನೋಟಿಸ್ ಹೋಗುವುದು ದಾಖಲೆಯಲ್ಲಿರುವ ಕೊನೆಯ ವಿಳಾಸಕ್ಕೆ. ಅದು ವಾಪಸ್ ಬಂದರೆ ಬಾಗಿಲಿಗೆ ಅಂಟಿಸುತ್ತಾರೆ. ನೀವು ಕಂಡ ಕಾಗದ ಬಹುಶಃ ಅದೇ. ಅಂದರೆ ಖಾಲಿ ಮನೆಗೆ ಖಾಲಿ ಮನೆಯ ಬಗ್ಗೆ ತಿಳಿಸಿದ್ದಾರೆ!

ನಮ್ಮಲ್ಲಿ ಹೊಸಬರು ಬಂದರೆ ಅಳತೆ ಪಟ್ಟಿ ಹಿಡಿದು ಹುಲ್ಲಿನ ಹತ್ತಿರ ಓಡುತ್ತಿದ್ದರು. ಮೊದಲು ಮಾಲೀಕ ಯಾರು ಅಂತ ಹುಡುಕಿ ಅಂತ ನಾನು ಹೇಳುತ್ತಿದ್ದೆ. ದುಡ್ಡಿಲ್ಲದೆ ರಿಪೇರಿ ಮಾಡಿಸಲಾಗದ ಅಜ್ಜಿ ಒಬ್ಬರಿರಬಹುದು. ದುಡ್ಡಿದ್ದೂ ಮಾಡಿಸದ ಕಂಪನಿ ಇರಬಹುದು. ಅಥವಾ ಮಾಲೀಕ ಸತ್ತು, ಕೇಳುವವರೇ ಇಲ್ಲದಿರಬಹುದು. ದಂಡ ಸರಿಯಾಗಿ ತಾಗುವುದು ನಡುವೆ ಹೇಳಿದ ಆ ಕಂಪನಿಗೆ ಮಾತ್ರ. ಅಜ್ಜಿಗೆ ಹಾಕಿದರೆ ರಿಪೇರಿಗೆ ಇಟ್ಟಿದ್ದ ದುಡ್ಡೂ ಹೋಗುತ್ತದೆ. ಸತ್ತವರಿಗೆ ಹಾಕಿದರೆ ಲೆಡ್ಜರ್ ಬೆಳೆಯುತ್ತದೆ, ಅಷ್ಟೇ. ಬರಬರುತ್ತಾ ಬಾಕಿ ಮನೆಯ ಬೆಲೆಗಿಂತ ಜಾಸ್ತಿಯಾಗುತ್ತದೆ. ಆಮೇಲೆ ಕೊಳ್ಳುವ ಮನಸ್ಸಿದ್ದವರೂ ಹಿಂದೆ ಸರಿಯುತ್ತಾರೆ. ಮನೆ ಸರಿಯಾಗಲಿ ಅಂತ ಹಾಕಿದ ದಂಡವೇ ಮನೆಗೆ ಬೀಗ ಜಡಿದ ಹಾಗೆ.

ನೇರಮಾತು

ಅಂದರೆ ಬೇಕಂತಲೇ ಮಾಡಿಸದ ಕಂಪನಿಗೂ ದಂಡ ಹಾಕಬೇಡಿ ಅಂತೀರಾ?

ಹಳೇಇನ್ಸ್‌ಪೆಕ್ಟರ್

ಇಲ್ಲ ಇಲ್ಲ. ಅವರಿಗೆ ಹಾಕಿ, ಚೆನ್ನಾಗಿಯೇ ಹಾಕಿ. ಯಾರಿಗೆ ಹಾಕುತ್ತಿದ್ದೀರಿ ಅಂತ ನೋಡಿ ಹಾಕಿ ಅಂದೆ.

ಲೆಕ್ಕದಹುಡುಗ

ನಾನು ನಗರ ಯೋಜನೆ ಓದುತ್ತಿರುವವನು. ಇನ್ಸ್‌ಪೆಕ್ಟರ್ ಸರ್ ಹೇಳಿದ್ದಕ್ಕೆ ಒಳ್ಳೆಯ ಉದಾಹರಣೆ ಫಿಲಡೆಲ್ಫಿಯಾದಲ್ಲಿದೆ. ಅಲ್ಲಿ ಖಾಲಿ ಕಟ್ಟಡದ ಕಿಟಕಿಗೆ ಪ್ಲೈವುಡ್ ಹೊಡೆದರೆ ನಡೆಯುವುದಿಲ್ಲ. ಬೀದಿಯ ಹೆಚ್ಚಿನ ಮನೆಗಳಲ್ಲಿ ಜನ ಇದ್ದರೆ, ಖಾಲಿ ಮನೆಗೂ ನಿಜವಾದ ಬಾಗಿಲು, ನಿಜವಾದ ಕಿಟಕಿಯನ್ನೇ ಇಡಿಸಬೇಕು. ಇಲ್ಲದಿದ್ದರೆ ತೆರೆದಿರುವ ಒಂದೊಂದು ಕಿಂಡಿಗೂ ದಿನಕ್ಕೆ 300 ಡಾಲರ್ ದಂಡ ಬೀಳಬಹುದು. ಎಷ್ಟು ಕಿಟಕಿಯೋ ಅಷ್ಟು ಮುನ್ನೂರು. 2011ರಿಂದ ಇದನ್ನು ಬಿಗಿಯಾಗಿ ಜಾರಿ ಮಾಡಿದರು.

ಆಮೇಲೆ ಸಂಶೋಧಕರು ಲೆಕ್ಕ ಹಾಕಿ 2015ರಲ್ಲಿ ಪ್ರಕಟಿಸಿದರು. ಬಾಗಿಲು ಕಿಟಕಿ ಸರಿಯಾದ ಕಟ್ಟಡಗಳ ಸುತ್ತ ಹಲ್ಲೆ, ಬಂದೂಕಿನ ಹಲ್ಲೆ ಕಡಿಮೆಯಾಗಿದ್ದವು. ಒಳ್ಳೆ ಸುದ್ದಿ ಅಲ್ವಾ? ಆದರೆ ನೋಟಿಸ್ ಪಡೆದ ಕಟ್ಟಡಗಳಲ್ಲಿ ನಿಯಮ ಪಾಲಿಸಿದ್ದು ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಅಷ್ಟು ದೊಡ್ಡ ದಂಡಕ್ಕೂ ಉಳಿದವರು ಅಲುಗಾಡಲಿಲ್ಲ.

ನೇರಮಾತು

ಮೂರನೇ ಒಂದು ಭಾಗ ಅಂದರೂ ನೂರಾರು ಕಟ್ಟಡ ಆಯ್ತಲ್ಲಪ್ಪ. ನೀನು ಅರ್ಧ ಖಾಲಿ ಲೋಟ ನೋಡ್ತಿದೀಯ.

ಲೆಕ್ಕದಹುಡುಗ

ಒಪ್ಪಿದೆ ಸರ್. ನನ್ನ ಪ್ರಶ್ನೆ ಉಳಿದ ಎರಡು ಪಾಲಿನದು. ಅವರಿಗೆ ಇನ್ನೇನು ದಾರಿ ಅಂತ.

ದಂಡ ಬೇಡ, ತೆರಿಗೆಯಲ್ಲೇ ಹಿಡಿಯೋಣ ಅಂತ ಹೊರಟ ಊರುಗಳೂ ಇವೆ. ವಾಷಿಂಗ್ಟನ್ ಡಿ.ಸಿ.ಯಲ್ಲಿ ಸಾಮಾನ್ಯ ಮನೆಗೆ 100 ಡಾಲರ್ ಮೌಲ್ಯಕ್ಕೆ ವರ್ಷಕ್ಕೆ 85 ಸೆಂಟ್ ಆಸ್ತಿ ತೆರಿಗೆ. ಖಾಲಿ ಅಂತ ವರ್ಗ ಮಾಡಿದರೆ 5 ಡಾಲರ್. ಪಾಳು ಅಂತ ಮಾಡಿದರೆ 10 ಡಾಲರ್. ಅಂದರೆ ಹತ್ತು ವರ್ಷ ಪಾಳು ಬಿಟ್ಟರೆ ಮನೆಯ ಬೆಲೆಯಷ್ಟೇ ತೆರಿಗೆ. ಡೆಲಾವೇರಿನ ವಿಲ್ಮಿಂಗ್ಟನ್ ಊರು 2003ರಲ್ಲೇ ಖಾಲಿ ಕಟ್ಟಡಕ್ಕೆ ಏರುತ್ತಾ ಹೋಗುವ ಶುಲ್ಕ ತಂದಿತು. ಒಂದು ವರ್ಷ ಖಾಲಿ ಇದ್ದರೆ 500 ಡಾಲರ್, ಹತ್ತು ವರ್ಷವಾದರೆ 5,000. ಖಾಲಿ ಇಟ್ಟಷ್ಟೂ ಭಾರ ಹೆಚ್ಚುತ್ತದೆ. ಯಾವನೋ ಜಾಗದ ಬೆಲೆ ಏರಲಿ ಅಂತ ಕಾಯುತ್ತಾ ಕೂತಿದ್ದರೆ ಅವನಿಗೆ ಇದು ಚುರುಕು ಮುಟ್ಟಿಸುತ್ತದೆ.

ಬೇಲಿಹೂ

ಇಲ್ಲಿ ಎಲ್ಲರೂ 'ಮಾಲೀಕ' ಅಂದಾಗ ಯಾರೋ ದುರಾಸೆಯ ಗಂಡಸನ್ನೇ ಊಹಿಸಿಕೊಳ್ಳುತ್ತಿದ್ದೀರಿ. ಒಂದು ಮಾತು ಹೇಳಲಾ?

ನನ್ನ ಗೆಳತಿಯ ಅಜ್ಜಿ ತೀರಿಕೊಂಡರು. ಮನೆ ಅಜ್ಜಿಯ ಹೆಸರಿನಲ್ಲೇ ಉಳಿಯಿತು. ವಿಲ್ ಇರಲಿಲ್ಲ. ಮಕ್ಕಳು, ಮೊಮ್ಮಕ್ಕಳು ಬೇರೆ ಬೇರೆ ರಾಜ್ಯಗಳಲ್ಲಿ. ಗೆಳತಿಯ ಅಮ್ಮ ಅದೇ ಮನೆಯಲ್ಲಿದ್ದಾರೆ, ತೆರಿಗೆ ಅವರೇ ಕಟ್ಟುತ್ತಾರೆ. ಆದರೆ ದಾಖಲೆಯಲ್ಲಿ ಅವರು ಯಾರೂ ಅಲ್ಲ. ಮಾಡು ಸೋರುತ್ತಿದೆ. ರಿಪೇರಿ ಸಾಲ ಕೇಳಿದರೆ ಬ್ಯಾಂಕು 'ಮನೆ ನಿಮ್ಮ ಹೆಸರಲ್ಲಿಲ್ಲ' ಅನ್ನುತ್ತದೆ. ಸರ್ಕಾರದ ನೆರವು ಕೇಳಿದರೂ ಅದೇ ಉತ್ತರ. ಕೋಡ್ ನೋಟಿಸ್ ಮಾತ್ರ ಸರಿಯಾಗಿ ಮನೆಗೇ ಬಂತು. ನೆರವು ಕೊಡುವಾಗ ಮಾಲೀಕರಲ್ಲ, ದಂಡ ಕೊಡುವಾಗ ಮಾಲೀಕರು. ಇದ್ಯಾವ ನ್ಯಾಯ?

ಕಾನೂನುಕಟ್ಟೆ

ಮೇಡಂ, ನೀವು ಹೇಳಿದ್ದು ಒಂದು ಮನೆಯ ಕಥೆಯಲ್ಲ. ಫಿಲಡೆಲ್ಫಿಯಾ ಒಂದರಲ್ಲೇ ಹೀಗೆ ಹಕ್ಕುಪತ್ರ ಗೋಜಲಾದ ಮನೆಗಳು 10,000ಕ್ಕೂ ಜಾಸ್ತಿ ಅಂತ ಪ್ಯೂ ಎಂಬ ಸಂಶೋಧನಾ ಸಂಸ್ಥೆಯ 2021ರ ವರದಿ ಹೇಳಿತು. ಅವುಗಳ ಒಟ್ಟು ಬೆಲೆ 1.1 ಬಿಲಿಯನ್ ಡಾಲರಿಗೂ ಮೇಲೆ. ಇವು ಸಾಮಾನ್ಯವಾಗಿ ಬಡವರ ಮನೆಗಳು. ವಕೀಲರ ಫೀಸು, ಕೋರ್ಟ್ ಖರ್ಚು ಅಂತ ಹೆದರಿ ತಲೆಮಾರಿನಿಂದ ತಲೆಮಾರಿಗೆ ಹಾಗೇ ಬಿಟ್ಟಿರುತ್ತಾರೆ.

ಇಂಥ ಮನೆಗೆ ಬೇಕಾದ್ದು ಇನ್ಸ್‌ಪೆಕ್ಟರ್ ಅಲ್ಲ, ಒಬ್ಬ ಪುಕ್ಕಟೆ ವಕೀಲ. ಕಾನೂನು ನೆರವು ಕೊಡುವವರನ್ನು ನಿಮ್ಮ ಗೆಳತಿ ಇವತ್ತೇ ಹುಡುಕಲಿ. ನೋಟಿಸನ್ನು ಡ್ರಾಯರಿಗೆ ಹಾಕಿ ಸುಮ್ನೆ ಕೂರಬೇಡಿ ಅಂತ ಅಮ್ಮನಿಗೆ ಹೇಳಿ. ವಿಚಾರಣೆಗೆ ಹೋಗಿ ಪರಿಸ್ಥಿತಿ ವಿವರಿಸಿದರೆ ಗಡುವು ಮುಂದೂಡುವುದು ಸಾಮಾನ್ಯ. ಹೋಗದವರ ಮೇಲೆ ಆದೇಶ ತಾನಾಗಿ ಬೀಳುತ್ತದೆ.

ಹಳೇಇನ್ಸ್‌ಪೆಕ್ಟರ್

ಈ ಮಾತಿಗೆ ನನ್ನ ಸಹಿಯೂ ಇದೆ. ಬಂದು ಮಾತಾಡಿದವರಿಗೆ ನಾವು ಯಾವತ್ತೂ ಟೈಮ್ ಕೊಡುತ್ತಿದ್ದೆವು. ಎದುರಿಗೆ ಮನುಷ್ಯ ಕೂತಿದ್ದರೆ ಕೆಲಸ ಮುಂದೆ ಹೋಗುತ್ತದೆ.

ಲೆಕ್ಕದಹುಡುಗ

ಬೇಲಿಹೂ ಮೇಡಂ ಹೇಳಿದ್ದಕ್ಕೆ ಸೇರಿಸುವುದಾದರೆ, ಕಡಿಮೆ ಆದಾಯದವರ ಮನೆಯ ಮಾಡು, ಕೊಳಾಯಿ, ವೈರಿಂಗ್, ಹೀಟರ್ ಇವನ್ನು ಸಿಟಿಯೇ ರಿಪೇರಿ ಮಾಡಿಸಿಕೊಡುವ ಯೋಜನೆ ಫಿಲಡೆಲ್ಫಿಯಾದಲ್ಲಿದೆ. ಅದರ ಮೇಲೊಂದು ಅಧ್ಯಯನ 2021ರಲ್ಲಿ ಬಂತು. ಹಾಗೆ ರಿಪೇರಿಯಾದ ಮನೆಗಳಿರುವ ಬೀದಿಗಳಲ್ಲಿ ಅಪರಾಧ ಸುಮಾರು ಶೇ 22ರಷ್ಟು ಕಡಿಮೆ ಕಂಡಿತು. ದಂಡ ಹಾಕಿ ಬೀದಿ ಸರಿ ಮಾಡುವುದಕ್ಕಿಂತ ದುಡ್ಡು ಕೊಟ್ಟು ಸರಿ ಮಾಡುವುದು ಕೆಲವು ಸಲ ಅಗ್ಗ. ಮನೆ ಪೂರ್ತಿ ಪಾಳು ಬಿದ್ದ ಮೇಲೆ ಕೆಡವುವ ಖರ್ಚೂ ಸಿಟಿಯದೇ ತಾನೇ?

ನೇರಮಾತು

ತೆರಿಗೆ ಕಟ್ಟುವವನ ದುಡ್ಡಲ್ಲಿ ಬೇರೆಯವರ ಮಾಡು ರಿಪೇರಿ. ಭಲೇ.

ಆದರೆ ಈಗ ನಾನೇ ಇನ್ನೊಂದು ಕಡೆಯಿಂದ ಮಾತಾಡುತ್ತೇನೆ, ನಗಬೇಡಿ. ದಂಡ ಹಾಕಿ ಅಂದೆ ನಿಜ. ಆದರೆ ದಂಡದ ರುಚಿ ಹತ್ತಿದ ಸಿಟಿ ಇನ್ನೂ ಅಪಾಯ. ಮಿಸೌರಿಯ ಫರ್ಗುಸನ್ ನೆನಪಿದೆಯಾ? 2015ರಲ್ಲಿ ಕೇಂದ್ರ ನ್ಯಾಯ ಇಲಾಖೆ ವರದಿ ಕೊಟ್ಟಿತು. ಅಲ್ಲಿ ಪೊಲೀಸರೂ ಕೋರ್ಟೂ ಸೇರಿ ಊರಿನ ಬೊಕ್ಕಸ ತುಂಬಿಸಲು ಜನರ ಮೇಲೆ ದಂಡ ಹಾಕುತ್ತಿದ್ದರು ಅಂತ. ಅದರಲ್ಲಿ ಎತ್ತರದ ಹುಲ್ಲಿನ ಕೇಸುಗಳೂ ಇದ್ದವು. ಬಡಾವಣೆ ಚೆಂದ ಆಗಬೇಕು ಅಂತ ಅಲ್ಲ, ಬಜೆಟ್ ತುಂಬಬೇಕು ಅಂತ. ಹಾಗಾದರೆ ಇನ್ಸ್‌ಪೆಕ್ಟರ್ ಯಾರ ಬೇಲಿ ಇಣುಕುತ್ತಾನೆ? ಸುಲಭವಾಗಿ ಸಿಗುವವನದು. ಮೂಲೆಮನೆಯವರ ಪಕ್ಕದ ಪಾಳು ಮನೆ ಬಿಟ್ಟು, ಮೂಲೆಮನೆಯವರ ಹಿತ್ತಲಿಗೇ ಬರುತ್ತಾನೆ.

ಮೂಲೆಮನೆ

ಅಯ್ಯೋ, ಅದು ಆಗಲೇ ಆಯ್ತು ಸರ್! ಪಕ್ಕದ ಮನೆ ನೋಡಲು ಬಂದವರು ನಮ್ಮ ಬೇಲಿಯ ಒಂದು ಹಲಗೆ ಬಿದ್ದಿದೆ ಅಂತ ನನಗೂ ಹೇಳಿ ಹೋದರು. ನಾನು ವಾರಾಂತ್ಯದಲ್ಲೇ ಸರಿ ಮಾಡಿದೆ. ಪಕ್ಕದವರು?

ಕಾನೂನುಕಟ್ಟೆ

ನೇರಮಾತು ಅವರ ಭಯಕ್ಕೆ ಕಾನೂನಿನಲ್ಲಿ ಒಂದಿಷ್ಟು ತಡೆಗೋಡೆ ಇದೆ. 1967ರ ಕಮಾರಾ ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದು: ಮನೆಯವರು ಒಪ್ಪದಿದ್ದರೆ ಇನ್ಸ್‌ಪೆಕ್ಟರ್ ವಾರಂಟ್ ಇಲ್ಲದೆ ಒಳಗೆ ಬರುವ ಹಾಗಿಲ್ಲ. ತುರ್ತು ಇದ್ದರೆ ಬೇರೆ ಮಾತು. ಅದು ಸ್ಯಾನ್ ಫ್ರಾನ್ಸಿಸ್ಕೋದ ಕೇಸು. ರಸ್ತೆಯಿಂದ ಕಾಣುವುದನ್ನು ನೋಡಿ ಬರೆಯಲು ವಾರಂಟ್ ಬೇಕಿಲ್ಲ. ಅದಕ್ಕೇ ಕೋಡ್ ಕೇಸುಗಳಲ್ಲಿ ಹುಲ್ಲು, ಬಣ್ಣ, ಬೇಲಿಗಳೇ ಜಾಸ್ತಿ ಕಾಣುವುದು. ಒಳಗಿನ ಕೊಳೆತ ತೊಲೆ ಯಾರ ಕಣ್ಣಿಗೂ ಬೀಳುವುದಿಲ್ಲ.

2019ರ ಟಿಂಬ್ಸ್ ಕೇಸಿನಲ್ಲಿ ಅದೇ ಕೋರ್ಟ್ ಇನ್ನೊಂದು ಮಾತು ಹೇಳಿತು. ವಿಪರೀತ ದಂಡ ಹಾಕಬಾರದು ಅನ್ನುವ ಸಂವಿಧಾನದ ನಿಯಮ ಕೇಂದ್ರಕ್ಕೆ ಮಾತ್ರವಲ್ಲ, ರಾಜ್ಯಗಳಿಗೂ ಊರುಗಳಿಗೂ ಅನ್ವಯ. ಅದು ಕಾರು ಜಪ್ತಿಯ ಕೇಸು, ಮನೆಯದಲ್ಲ. ಆದರೂ ದಿನದ ಮೇಲೆ ದಿನ ಏರುವ ಹುಲ್ಲಿನ ದಂಡವನ್ನು ಪ್ರಶ್ನಿಸುವವರು ಈಗ ಇದನ್ನೇ ಹಿಡಿದು ವಾದಿಸುತ್ತಾರೆ.

ಪೂರ್ವದಿಕ್ಕು

ಜಪಾನಿನಿಂದ ನಮಸ್ಕಾರ. ಇಲ್ಲಿ ಖಾಲಿ ಮನೆಗಳು ದೇಶದ ದೊಡ್ಡ ತಲೆನೋವು. 2023ರ ಸರ್ಕಾರಿ ಸಮೀಕ್ಷೆಯಲ್ಲಿ ಸುಮಾರು 90 ಲಕ್ಷ ಸಿಕ್ಕವು, ಒಟ್ಟು ಮನೆಗಳಲ್ಲಿ ಶೇ 13.8. ಎಲ್ಲವೂ ಪಾಳು ಅಲ್ಲ. ಬಾಡಿಗೆಗೆ, ಮಾರಾಟಕ್ಕೆ ಇಟ್ಟಿರುವುದೂ ಅದರಲ್ಲಿ ಸೇರಿದೆ.

ನಿಮ್ಮ ಚರ್ಚೆ ಓದಿ ಒಂದು ವಿಷಯ ಹೇಳಬೇಕು ಅನ್ನಿಸಿತು. ಇಲ್ಲಿ ಮನೆಗಳು ಪಾಳು ಬೀಳಲು ಒಂದು ಕಾರಣ ತೆರಿಗೆ ನಿಯಮವೇ. ಜಾಗದ ಮೇಲೆ ಮನೆ ಇದ್ದರೆ ಸಣ್ಣ ನಿವೇಶನಗಳ ಆಸ್ತಿ ತೆರಿಗೆಯನ್ನು ಆರನೇ ಒಂದು ಭಾಗದ ಮೌಲ್ಯಕ್ಕೆ ಲೆಕ್ಕ ಹಾಕುತ್ತಾರೆ. ಮನೆ ಕೆಡವಿದರೆ ರಿಯಾಯಿತಿ ಹೋಯಿತು. ಹಾಗಾಗಿ ಊರು ಬಿಟ್ಟ ಮಕ್ಕಳು ಅಪ್ಪ ಅಮ್ಮನ ಮನೆಯನ್ನು ಕೆಡವುವುದೂ ಇಲ್ಲ, ನೋಡಿಕೊಳ್ಳುವುದೂ ಇಲ್ಲ. 2015ರಲ್ಲಿ ಜಾರಿಗೆ ಬಂದ ಕಾನೂನು ಈ ಗಂಟಿಗೇ ಕೈ ಹಾಕಿತು. ಅಪಾಯಕಾರಿ ಅಂತ ಗುರುತಿಸಿದ ಮನೆಗೆ ಸ್ಥಳೀಯ ಆಡಳಿತ ಮೊದಲು ಸಲಹೆ ಕೊಡುತ್ತದೆ, ಆಮೇಲೆ ಎಚ್ಚರಿಕೆ, ಆಮೇಲೆ ಆದೇಶ. ಎಚ್ಚರಿಕೆಗೂ ಬಗ್ಗದಿದ್ದರೆ ರಿಯಾಯಿತಿ ಕಟ್. ಕೊನೆಗೆ ಆಡಳಿತವೇ ಕೆಡವಿ ಖರ್ಚು ಕೇಳಬಹುದು. 2023ರಲ್ಲಿ ತಿದ್ದುಪಡಿ ಮಾಡಿ, ಅಪಾಯದ ಹಂತಕ್ಕೆ ಹೋಗುವ ಮುಂಚೆಯೇ, ಸರಿಯಾಗಿ ನೋಡಿಕೊಳ್ಳದ ಮನೆಗಳನ್ನೂ ಇದರೊಳಗೆ ತಂದರು.

ಬೇಲಿಹೂ ಮೇಡಂ ಹೇಳಿದ ಸಮಸ್ಯೆ ಇಲ್ಲೂ ಇದೆ. ಸತ್ತವರ ಹೆಸರಲ್ಲೇ ಉಳಿದ ಜಾಗ ಲೆಕ್ಕವಿಲ್ಲದಷ್ಟು. 2024ರ ಏಪ್ರಿಲ್‌ನಿಂದ ವಾರಸುದಾರರು ಆಸ್ತಿ ತಮಗೆ ಬಂದಿದೆ ಅಂತ ಗೊತ್ತಾದ ಮೂರು ವರ್ಷದೊಳಗೆ ನೋಂದಣಿ ಮಾಡಿಸಲೇಬೇಕು ಅಂತ ಕಡ್ಡಾಯ ಮಾಡಿದ್ದಾರೆ.

ಹಳೇಇನ್ಸ್‌ಪೆಕ್ಟರ್

ಇದು ನನಗೆ ಬಹಳ ಹಿಡಿಸಿತು. ದಂಡ ಸೇರಿಸುವ ಬದಲು ಇದ್ದ ರಿಯಾಯಿತಿ ತೆಗೆಯುವುದು. ಮಾಲೀಕನನ್ನು ಹುಡುಕಿಕೊಂಡು ಹೋಗಬೇಕಿಲ್ಲ, ಬಿಲ್ ತಾನೇ ಏರುತ್ತದೆ. ಆದರೂ ಬಿಲ್ ಕಟ್ಟುವವರು ಒಬ್ಬರು ಇರಬೇಕಲ್ಲ. ಅದೇ ಹಳೇ ಪ್ರಶ್ನೆ.

ಮೂಲೆಮನೆ

ಒಂದು ಸುದ್ದಿ. ನಿಮ್ಮ ಮಾತು ಕೇಳಿ ಕೌಂಟಿಯ (ನಮ್ಮ ಜಿಲ್ಲೆ ಇದ್ದ ಹಾಗೆ) ವೆಬ್‌ಸೈಟಿನಲ್ಲಿ ಪಕ್ಕದ ಮನೆಯ ದಾಖಲೆ ತೆಗೆದು ನೋಡಿದೆ. ಯಾರಾದರೂ ಉಚಿತವಾಗಿ ನೋಡಬಹುದು ಅಂತ ಗೊತ್ತೇ ಇರಲಿಲ್ಲ. ಮಾಲೀಕ ಸೀಮಿತ ಹೊಣೆಗಾರಿಕೆಯ ಒಂದು ಎಲ್‌ಎಲ್‌ಸಿ ಕಂಪನಿ. ವಿಳಾಸ ಬೇರೆ ರಾಜ್ಯದ ಒಂದು ಪೋಸ್ಟ್ ಬಾಕ್ಸ್. ತೆರಿಗೆ ಬಾಕಿಗಾಗಿ ನಡೆಯುವ ಹರಾಜಿನಲ್ಲಿ ಚಿಲ್ಲರೆ ಕಾಸಿಗೆ ಕೊಂಡಿದ್ದಾರೆ. ಆಮೇಲೆ ತೆರಿಗೆಯನ್ನೇ ಕಟ್ಟಿಲ್ಲ. ಈಗ ಏನು ಮಾಡಲಿ?

ನೇರಮಾತು

ಹಾ! ನಾನು ಹೇಳಿದ ಗಿರಾಕಿ ಸಿಕ್ಕ.

ಕಾನೂನುಕಟ್ಟೆ

ಸಿಕ್ಕ ಅಂತ ಹೇಳುವುದು ಕಷ್ಟ. ಪೋಸ್ಟ್ ಬಾಕ್ಸಿಗೆ ಹೋದ ನೋಟಿಸ್ ಯಾರು ಓದುತ್ತಾರೋ. ಆದರೆ ಎಲ್‌ಎಲ್‌ಸಿ ಯಾವ ರಾಜ್ಯದಲ್ಲಿ ನೋಂದಣಿ ಆಗಿದೆಯೋ ಅಲ್ಲಿ ಅದರ ಪರವಾಗಿ ಕೋರ್ಟ್ ಕಾಗದ ತೆಗೆದುಕೊಳ್ಳುವ ಏಜೆಂಟ್ ಇರಲೇಬೇಕು. ಆ ಹೆಸರು ರಾಜ್ಯದ ಕಂಪನಿ ದಾಖಲೆಯಲ್ಲಿ ಸಿಗುತ್ತದೆ. ಅದನ್ನು ಹುಡುಕಿ ನಿಮ್ಮ ಕೇಸ್ ನಂಬರ್ ಜೊತೆ ಕೋಡ್ ವಿಭಾಗಕ್ಕೆ ಬರೆದು ಕೊಡಿ. ಅವರು ಮಾಡಬೇಕಾದ ಕೆಲಸವೇ, ಆದರೆ ಕೈತುಂಬ ಕೇಸಿರುವವರಿಗೆ ಸಿದ್ಧ ವಿಳಾಸ ಸಿಕ್ಕರೆ ನಿಮ್ಮ ಫೈಲು ಮೇಲೆ ಬರುತ್ತದೆ.

ಇನ್ನು ದೊಡ್ಡ ವಿಷಯ ತೆರಿಗೆ ಬಾಕಿ. ನನ್ನ ಪ್ರಕಾರ ಸಿಟಿಗಳ ಕೈಯಲ್ಲಿರುವ ನಿಜವಾದ ಶಕ್ತಿ ಇದು. ದಂಡ ಮನುಷ್ಯನನ್ನು ಹುಡುಕುತ್ತದೆ, ತೆರಿಗೆ ಆಸ್ತಿಯನ್ನೇ ಹಿಡಿಯುತ್ತದೆ. ಮಾಲೀಕ ಎಲ್ಲಿದ್ದರೂ ಮನೆ ಅಲ್ಲೇ ಇರುತ್ತದಲ್ಲ.

ಮಿಷಿಗನ್ ರಾಜ್ಯದ ಕಥೆ ಕೇಳಿ. ಅಲ್ಲಿ ಮೊದಲು ತೆರಿಗೆ ಬಾಕಿಯನ್ನೇ ಖಾಸಗಿಯವರಿಗೆ ಮಾರುತ್ತಿದ್ದರು. ಆಸ್ತಿ ವರ್ಷಗಟ್ಟಲೆ ಯಾರದ್ದೂ ಅಲ್ಲದ ಹಾಗೆ ತೂಗಾಡುತ್ತಿತ್ತು. ಅಷ್ಟರಲ್ಲಿ ಮನೆ ಬಿದ್ದೇ ಹೋಗುತ್ತಿತ್ತು. 1999ರಲ್ಲಿ ಕಾನೂನು ಬದಲಾಯಿಸಿದರು. ಬಾಕಿ ಉಳಿದ ಆಸ್ತಿ ಕೋರ್ಟ್ ಮೂಲಕ ಬೇಗ ಕೌಂಟಿಗೆ ಬರುತ್ತದೆ, ಹಕ್ಕುಪತ್ರ ಸ್ವಚ್ಛವಾಗಿ. ಫ್ಲಿಂಟ್ ಊರಿರುವ ಜೆನೆಸೀ ಕೌಂಟಿಯಲ್ಲಿ ಆಗ ಖಜಾಂಚಿಯಾಗಿದ್ದವರು ಡ್ಯಾನ್ ಕಿಲ್ಡೀ. ಅವರು ಅದನ್ನು ಹಿಡಿದು ಲ್ಯಾಂಡ್ ಬ್ಯಾಂಕ್ ಕಟ್ಟಿದರು. ಹೆಸರಲ್ಲಿ ಬ್ಯಾಂಕ್ ಇದ್ದರೂ ದುಡ್ಡಿನ ಬ್ಯಾಂಕ್ ಅಲ್ಲ. ಪಾಳು ಆಸ್ತಿಗಳನ್ನು ತನ್ನ ಹೆಸರಿಗೆ ತೆಗೆದುಕೊಂಡು, ಕೆಡವುವುದನ್ನು ಕೆಡವಿ, ಸರಿಯಾಗುವುದನ್ನು ಸರಿಮಾಡಿ, ಖಾಲಿ ಜಾಗವನ್ನು ಪಕ್ಕದ ಮನೆಯವರಿಗೆ ಕಡಿಮೆ ಬೆಲೆಗೆ ಕೊಡುವ ಸಾರ್ವಜನಿಕ ಸಂಸ್ಥೆ. ಆಮೇಲೆ ಬೇರೆ ರಾಜ್ಯಗಳೂ ಇದನ್ನು ನೋಡಿ ಕಲಿತವು.

ನಿಮ್ಮ ಪಕ್ಕದ ಮನೆ ಹರಾಜಿನಿಂದ ಎಲ್‌ಎಲ್‌ಸಿಗೆ ಹೋಯ್ತು, ಎಲ್‌ಎಲ್‌ಸಿ ತೆರಿಗೆ ಬಿಟ್ಟಿತು, ಮತ್ತೆ ಹರಾಜಿಗೆ ಬರುತ್ತದೆ, ಇನ್ನೊಂದು ಎಲ್‌ಎಲ್‌ಸಿ ಕೊಳ್ಳುತ್ತದೆ. ಲ್ಯಾಂಡ್ ಬ್ಯಾಂಕ್ ಇದ್ದರೆ ಈ ಸುತ್ತನ್ನು ನಡುವೆ ತುಂಡು ಮಾಡಬಹುದು. ನಿಮ್ಮ ಕೌಂಟಿಯಲ್ಲಿ ಇದೆಯಾ ವಿಚಾರಿಸಿ.

ಬೇಲಿಹೂ

ಸರ್, ಇದೇ ತೆರಿಗೆ ಕಾನೂನು ನನ್ನ ಗೆಳತಿಯ ಅಮ್ಮನ ಮನೆಯನ್ನೂ ನುಂಗಬಹುದಲ್ವಾ? ಬಾಕಿ ಸ್ವಲ್ಪ, ಮನೆ ಪೂರ್ತಿ ಹೋಗುತ್ತದೆ.

ಕಾನೂನುಕಟ್ಟೆ

ಹೌದು, ನುಂಗಿದ ಉದಾಹರಣೆ ಇದೆ. ಮಿನಿಸೋಟದ ಹೆನ್ನೆಪಿನ್ ಕೌಂಟಿಯಲ್ಲಿ ಒಬ್ಬ ವೃದ್ಧೆಯ ಫ್ಲ್ಯಾಟಿನ ಮೇಲೆ ತೆರಿಗೆ, ಬಡ್ಡಿ, ದಂಡ ಸೇರಿ ಸುಮಾರು 15,000 ಡಾಲರ್ ಬಾಕಿ ಇತ್ತು. ಕೌಂಟಿ ಅದನ್ನು 40,000ಕ್ಕೆ ಮಾರಿ, ಮಿಕ್ಕ 25,000ವನ್ನೂ ತಾನೇ ಇಟ್ಟುಕೊಂಡಿತು. 2023ರಲ್ಲಿ ಸುಪ್ರೀಂ ಕೋರ್ಟಿನ ಎಲ್ಲ ನ್ಯಾಯಮೂರ್ತಿಗಳೂ ಒಮ್ಮತದಿಂದ ಇದು ತಪ್ಪು ಅಂದರು. ಬಾಕಿಗಿಂತ ಹೆಚ್ಚಿಗೆ ಬಂದದ್ದು ಮಾಲೀಕರದು. ಆ ತೀರ್ಪಿನ ಮೇಲೆ ಹಲವು ರಾಜ್ಯಗಳು ತಮ್ಮ ನಿಯಮ ತಿದ್ದಬೇಕಾಯಿತು.

ಇನ್ನೊಂದು, ನೋಟಿಸ್ ವಾಪಸ್ ಬಂತು ಅಂತ ಗೊತ್ತಿದ್ದೂ ಸುಮ್ಮನೆ ಮನೆ ಮಾರುವ ಹಾಗಿಲ್ಲ. ತಲುಪಿಸಲು ಮತ್ತೆ ಪ್ರಯತ್ನ ಮಾಡಬೇಕು ಅಂತ 2006ರಲ್ಲೇ ಅರ್ಕನ್ಸಾಸಿನ ಕೇಸಿನಲ್ಲಿ ತೀರ್ಪಾಗಿದೆ. ಆದರೂ ಕೋರ್ಟಿನಲ್ಲಿ ಗೆಲ್ಲುವುದಕ್ಕಿಂತ ವಾರಸುದಾರಿಕೆ ಈಗಲೇ ಸರಿ ಮಾಡಿಕೊಳ್ಳುವುದು ಸುಲಭ.

ಲೆಕ್ಕದಹುಡುಗ

ತೆರಿಗೆ ಬಾಕಿ ಇಲ್ಲದ ಪಾಳು ಮನೆಗೂ ದಾರಿ ಇದೆ. ಬಾಲ್ಟಿಮೋರ್ ನೋಡಿ. ಅಲ್ಲಿ ಖಾಲಿ ಮನೆಗಳು ಸಾಲುಸಾಲು, ದೀರ್ಘ ಕಾಲ ಸುಮಾರು 16,000 ಇದ್ದವು. 2010ರಲ್ಲಿ ದೊಡ್ಡ ಯೋಜನೆ ಶುರು ಮಾಡಿದರು. ಅದರ ಮುಖ್ಯ ಅಸ್ತ್ರ ರಿಸೀವರ್, ಅಂದರೆ ಆಸ್ತಿಯ ಉಸ್ತುವಾರಿಗೆ ಕೋರ್ಟ್ ನೇಮಿಸುವವರು. ಖಾಲಿ ಕಟ್ಟಡದ ನೋಟಿಸಿಗೆ ಮಾಲೀಕ ಜಗ್ಗದಿದ್ದರೆ ಸಿಟಿ ಕೋರ್ಟಿಗೆ ಹೋಗುತ್ತದೆ. ಕೋರ್ಟ್ ಒಂದು ಲಾಭರಹಿತ ಸಂಸ್ಥೆಯನ್ನು ರಿಸೀವರ್ ಆಗಿ ನೇಮಿಸುತ್ತದೆ. ಅವರು ಮನೆಯನ್ನು ಹರಾಜು ಹಾಕುತ್ತಾರೆ. ಮಾಲೀಕ ನಡುವೆ ಎಚ್ಚೆತ್ತು 'ನಾನೇ ಮಾಡಿಸುತ್ತೇನೆ' ಅಂತ ಬಂದರೆ ಅವಕಾಶ ಉಂಟು. ಕೇಸು ಹಾಕಿದ ಮೇಲೆ ಎಷ್ಟೋ ಮನೆಗಳು ಹಾಗೇ ರಿಪೇರಿಯಾಗುತ್ತವೆ. ದಂಡಕ್ಕೆ ಹೆದರದವರು ಮನೆಯೇ ಹೋಗುತ್ತದೆ ಅಂದಾಗ ಹೆದರುತ್ತಾರೆ.

ಇದು ನಡೆಯಬೇಕಾದರೆ ಕೊಳ್ಳುವವರು ಬೇಕು. ಯಾರಿಗೂ ಬೇಡದ ಬೀದಿಯಲ್ಲಿ ಹರಾಜು ಕೂಗಿದರೆ ಸದ್ದೇ ಬರುವುದಿಲ್ಲ. ಅಂಥ ಕಡೆ ಕೆಡವಿ ಜಾಗ ಅಚ್ಚುಕಟ್ಟು ಮಾಡುವುದೇ ಉಳಿಯುತ್ತದೆ. ಅದೂ ಸಣ್ಣ ಕೆಲಸವಲ್ಲ. ಫಿಲಡೆಲ್ಫಿಯಾದಲ್ಲಿ 541 ಖಾಲಿ ನಿವೇಶನ ಆರಿಸಿ, ಚೀಟಿ ಎತ್ತಿದ ಹಾಗೆ ಗುಂಪು ಮಾಡಿ, ಒಂದು ಗುಂಪಿನಲ್ಲಿ ಕಸ ತೆಗೆದು ಹುಲ್ಲು ಬಿತ್ತಿ, ಒಂದೆರಡು ಮರ ನೆಟ್ಟು, ಸುತ್ತ ತಗ್ಗು ಮರದ ಬೇಲಿ ಹಾಕಿದರು. 2018ರಲ್ಲಿ ಫಲಿತಾಂಶ ಬಂತು. ಬಡ ಬಡಾವಣೆಗಳಲ್ಲಿ ಬಂದೂಕು ಹಿಂಸೆ ಶೇ 29ರಷ್ಟು ಇಳಿದಿತ್ತು.

ನೇರಮಾತು

ತಗ್ಗು ಬೇಲಿ ಯಾಕಪ್ಪ? ಎತ್ತರ ಹಾಕಬಾರದಾ?

ಲೆಕ್ಕದಹುಡುಗ

ಕಸದ ಲಾರಿ, ಕಾರು ಒಳಗೆ ನುಗ್ಗದಿದ್ದರೆ ಸಾಕು ಸರ್. ಜನ ಹೋಗಿ ಕೂರಬೇಕು. ಯಾರೋ ಇದನ್ನು ನೋಡಿಕೊಳ್ಳುತ್ತಿದ್ದಾರೆ ಅಂತ ಕಂಡರೆ ಕಸ ಸುರಿಯುವವರು ಹಿಂಜರಿಯುತ್ತಾರೆ.

ಹಳೇಇನ್ಸ್‌ಪೆಕ್ಟರ್

ಹುಡುಗ ಚೆನ್ನಾಗಿ ಓದಿಕೊಂಡಿದ್ದಾನೆ. ನಾನು ಒಳಗಿನ ಒಂದು ಕೊರತೆ ಹೇಳುತ್ತೇನೆ. ಬಹುತೇಕ ವಿಭಾಗಗಳು ದೂರು ಬಂದರಷ್ಟೇ ಎದ್ದು ಹೊರಡುತ್ತವೆ. ಹಾಗಾದರೆ ಯಾರ ಬೀದಿಗೆ ಹೋಗುತ್ತೇವೆ? ಫೋನ್ ಮಾಡುವವರ ಬೀದಿಗೆ. ಬಾಡಿಗೆದಾರರು ಫೋನ್ ಮಾಡುವುದಿಲ್ಲ, ಮನೆ ಖಾಲಿ ಮಾಡಿಸಿಯಾರು ಅನ್ನುವ ಭಯ. ಭಾಷೆ ಬಾರದವರು ಮಾಡುವುದಿಲ್ಲ. ಜಗಳಗಂಟ ನೆರೆಯವನು ದಿನಾ ಮಾಡುತ್ತಾನೆ.

ಡೆಟ್ರಾಯಿಟ್ 2014ರಲ್ಲಿ ಬೇರೆ ದಾರಿ ಹಿಡಿಯಿತು. ಜನರನ್ನು ಕಾರಿನಲ್ಲಿ ಟ್ಯಾಬ್ಲೆಟ್ ಕೊಟ್ಟು ಕಳಿಸಿ, ಊರಿನ ಸುಮಾರು 3,80,000 ಆಸ್ತಿಗಳನ್ನು ಒಂದೊಂದಾಗಿ ಫೋಟೋ ತೆಗೆಸಿ ಸ್ಥಿತಿ ಬರೆಸಿದರು. 84,000ಕ್ಕೂ ಜಾಸ್ತಿ ಆಸ್ತಿ ಪಾಳು ಬಿದ್ದಿವೆ ಅಥವಾ ಆ ದಾರಿಯಲ್ಲಿವೆ ಅಂತ ಗೊತ್ತಾಯಿತು. ಅಷ್ಟು ದೊಡ್ಡ ಸಂಖ್ಯೆ ನೋಡಿದ ಮೇಲೆ ಒಂದೊಂದೇ ನೋಟಿಸ್ ಅಂಟಿಸುತ್ತಾ ಕೂರಲಾಗುತ್ತದೆಯೇ? ಯಾವ ಬೀದಿ ಇನ್ನೂ ಉಳಿಯಬಹುದು, ಎಲ್ಲಿ ಒಂದೇ ಮನೆ ಕೆಟ್ಟು ಉಳಿದವು ಗಟ್ಟಿ ಇವೆ ಅಂತ ನೋಡಿ ಆರಿಸಬೇಕಾಗುತ್ತದೆ.

ಹೀಗೆ ಆರಿಸುವುದು ನನಗೆ ಯಾವತ್ತೂ ಕಸಿವಿಸಿ. ಆರಿಸದ ಬೀದಿಯಲ್ಲೂ ಮನೆ ಬಿಡದೆ ಕೂತವರು ಇರುತ್ತಾರೆ. ಅವರಿಗೆ ಏನು ಹೇಳುವುದು?

ಬೇಲಿಹೂ

ಅವರಿಗೆ ಮೊದಲು ಮಾಡು ರಿಪೇರಿ ಮಾಡಿಸಿಕೊಡಿ ಸರ್, ಆಮೇಲೆ ಹೇಳೋಣ.

ಮೂಲೆಮನೆ

ಎಲ್ಲರಿಗೂ ಥ್ಯಾಂಕ್ಸ್. ಏಜೆಂಟಿನ ಹೆಸರು ಸಿಕ್ಕಿತು, ಇಮೇಲ್ ಕಳಿಸಿದ್ದೇನೆ. ಇನ್ನೊಂದು ಪ್ರಶ್ನೆ. ಅಷ್ಟರವರೆಗೆ ಆ ಹುಲ್ಲನ್ನು ನಾನೇ ಕತ್ತರಿಸಿಬಿಡಲಾ? ಕಿಟಕಿಗೂ ಒಂದು ಹಲಗೆ ಹೊಡೆದುಬಿಡೋಣ ಅನ್ನಿಸುತ್ತಿದೆ.

ಹಳೇಇನ್ಸ್‌ಪೆಕ್ಟರ್

ಕಿಟಕಿ ತಂಟೆಗೆ ಹೋಗಬೇಡಿ. ಅದು ಬೇರೆಯವರ ಆಸ್ತಿ, ಒಳಗೆ ಕಾಲಿಟ್ಟರೆ ಅತಿಕ್ರಮಣ. ಒಳಗೆ ಯಾರಾದರೂ ಇದ್ದರೆ ಅವರಿಗೂ ನಿಮಗೂ ಅಪಾಯ. 'ತೆರೆದಿದೆ, ಒಳಗೆ ಜನ ನುಗ್ಗುತ್ತಿದ್ದಾರೆ' ಅಂತ ಇದೇ ಮಾತುಗಳಲ್ಲಿ ಹೊಸ ದೂರು ಕೊಡಿ. ಹುಲ್ಲಿನ ದೂರು ಸಾಲಿನಲ್ಲಿ ಕಾಯುತ್ತದೆ, ತೆರೆದ ಕಟ್ಟಡದ ದೂರು ಮುಂದೆ ಹೋಗುತ್ತದೆ. ಬೆಂಕಿಯ ಭಯ ಇರುವುದರಿಂದ ಅಗ್ನಿಶಾಮಕದವರಿಗೂ ತಿಳಿಸಿ. ಕಾಲುದಾರಿಯಲ್ಲಿ ನಿಂತು, ತಾರೀಖು ಕಾಣುವ ಹಾಗೆ ಫೋಟೋ ತೆಗೆದಿಡಿ. ವಿಚಾರಣೆ ಯಾವಾಗ ಅಂತ ಕೇಸ್ ನಂಬರ್ ಹೇಳಿ ಕೇಳಿ. ನೆರೆಯವರು ಹೋಗಿ ಮಾತಾಡಬಹುದು, ಅದು ಬಹಳ ಜನಕ್ಕೆ ಗೊತ್ತಿಲ್ಲ.

ನೇರಮಾತು

ವಿಚಾರಣೆಗೆ ಇವರು ಹೋಗುತ್ತಾರೆ, ಎಲ್‌ಎಲ್‌ಸಿ ಬರುವುದಿಲ್ಲ. ಆಮೇಲೆ?

ಕಾನೂನುಕಟ್ಟೆ

ಬರದಿದ್ದರೆ ಅವರ ಗೈರಿನಲ್ಲೇ ಆದೇಶ ಆಗುತ್ತದೆ. ಸಿಟಿಯೇ ಕಿಟಕಿ ಮುಚ್ಚಿಸಿ ಖರ್ಚನ್ನು ಆಸ್ತಿಯ ಮೇಲೆ ಬರೆಯಲಿ ಅಂತ ಮೂಲೆಮನೆಯವರು ಅಲ್ಲೇ ಕೇಳಬೇಕು. ಕೆಲವು ರಾಜ್ಯಗಳಲ್ಲಿ ಆ ಬಾಕಿಗೆ ತೆರಿಗೆಯಷ್ಟೇ ಆದ್ಯತೆ ಇದೆ, ಬ್ಯಾಂಕ್ ಸಾಲಕ್ಕಿಂತ ಮೊದಲು ನಿಲ್ಲುತ್ತದೆ. ನಿಮ್ಮ ರಾಜ್ಯದಲ್ಲಿ ಹೇಗೆ ಅಂತ ಕೌಂಟಿ ಖಜಾಂಚಿ ಕಚೇರಿಯಲ್ಲಿ ಕೇಳಿ. ಹೋದಾಗ, ಈ ಮನೆ ಮುಂದಿನ ತೆರಿಗೆ ಹರಾಜಿನ ಪಟ್ಟಿಯಲ್ಲಿದೆಯಾ ಅಂತಲೂ ವಿಚಾರಿಸಿ. ಬಾಕಿ ಇಟ್ಟವರಿಗೆ, ಕೋಡ್ ಕೇಸ್ ಇರುವವರಿಗೆ ಹರಾಜಿನಲ್ಲಿ ಕೂಗುವ ಅವಕಾಶ ಕೊಡದ ಕೌಂಟಿಗಳಿವೆ. ನಿಮ್ಮಲ್ಲಿ ಆ ನಿಯಮ ಇಲ್ಲದಿದ್ದರೆ ಕೌನ್ಸಿಲ್ ಸದಸ್ಯರಿಗೆ ಬರೆಯಬೇಕಾದ ಪತ್ರ ಅದೇ.

ಮೂಲೆಮನೆ

ಸರಿ ಸರ್. ಸೋಮವಾರ ಖಜಾಂಚಿ ಕಚೇರಿಗೆ ಹೋಗುತ್ತೇನೆ. ಏನಂದರು ಅಂತ ಇಲ್ಲೇ ಬರೆಯುತ್ತೇನೆ.